ಎಚ್‌ಐವಿ ಇರುವ ಹಿರಿಯರಿಗೆ: ಎರಡೂ ಚೀಟಿ ಒಂದೇ ಚೀಲದಲ್ಲಿರಲಿ

ಪ್ರಶ್ನೆ: ನನಗೆ 67 ವರ್ಷ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಈಗ ಮನೆಯಲ್ಲಿ ಒಬ್ಬನೇ ಇದ್ದೇನೆ. 2009ರಿಂದ ಎಚ್‌ಐವಿಯನ್ನು ಹಿಡಿತದಲ್ಲಿಡುವ ಎಆರ್‌ಟಿ ಮಾತ್ರೆ ನುಂಗುತ್ತಿದ್ದೇನೆ. ಮಡಿಕೇರಿಯಲ್ಲಿ ಗುರುತಿನವರು ನೋಡಿಬಿಡುತ್ತಾರೆ ಅಂತ ಮೊದಲಿನಿಂದಲೂ ಮೈಸೂರಿಗೆ ಹೋಗುತ್ತೇನೆ. ಈಗ ಕೊಡುವುದು ದಿನಕ್ಕೊಂದೇ ಮಾತ್ರೆ. ಡಬ್ಬಿ ಮೇಲೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಅಂತ ಇದೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣಿಸುತ್ತಿಲ್ಲ ಅಂತ ಬಂದಿದೆ. ಆದರೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಶುರುವಾಗಿವೆ. ಅವಕ್ಕೆ ಊರಿನ ಡಾಕ್ಟರಿಗೆ ತೋರಿಸುತ್ತೇನೆ, ಎಚ್‌ಐವಿ ವಿಷಯ ಅವರಿಗೆ ಹೇಳಿಲ್ಲ. ಸಕ್ಕರೆ ಇಳಿಯಲಿಲ್ಲ ಅಂತ ಮೆಟ್‌ಫಾರ್ಮಿನ್ 1000 ಮಿಲಿಗ್ರಾಂ ಎರಡು ಹೊತ್ತು ಮಾಡಿದ್ದಾರೆ. ಮಂಡಿ ನೋವಿಗೆ ಆಗಾಗ ಇಂಜೆಕ್ಷನ್ ಹಾಕುತ್ತಾರೆ. ಪಾದ ಜೋಮು ಹಿಡಿದ ಹಾಗಿರುತ್ತದೆ. ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.1 ಇದ್ದದ್ದು ಈಗ 1.3 ಆಗಿದೆ. ತೂಕ 58 ಕಿಲೋ. ಎಚ್‌ಐವಿ ಮಾತ್ರೆ ನನ್ನ ಕಿಡ್ನಿ ತಿನ್ನುತ್ತಿದೆಯಾ? ವೈರಸ್ ಕಾಣದಿದ್ದ ಮೇಲೆ ನಿಲ್ಲಿಸಬಹುದಾ? ಮಗ ಬೆಂಗಳೂರಿಗೆ ಬಂದು ಇರಿ ಅನ್ನುತ್ತಾನೆ. ಅವನಿಗೂ ಗೊತ್ತಿಲ್ಲ. 4 ವರ್ಷದ ಮೊಮ್ಮಗಳು ಪಕ್ಕದಲ್ಲಿ ಮಲಗಲು ಬಂದರೆ ನನಗೆ ಹೆದರಿಕೆಯಾಗುತ್ತದೆ. (ಹೆಸರು ಬೇಡ)

ಉತ್ತರ: ಈ ವಾರವೇ ಆಗಬೇಕಾದ ಕೆಲಸ ಮೊದಲು ಹೇಳಿಬಿಡುತ್ತೇನೆ. ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ. ಆದರೆ ಮೆಟ್‌ಫಾರ್ಮಿನ್ ಈಗಿನ ಡೋಸಿನಲ್ಲಿ ಮುಂದುವರಿಯಬಾರದು. ಡೊಲುಟೆಗ್ರಾವಿರ್ ನುಂಗುವವರಿಗೆ ಮೆಟ್‌ಫಾರ್ಮಿನ್ ದಿನಕ್ಕೆ ಒಟ್ಟು 1000 ಮಿಲಿಗ್ರಾಂ ದಾಟಬಾರದು. ನೀವು 2000 ನುಂಗುತ್ತಿದ್ದೀರಿ. ಊರಿನ ಡಾಕ್ಟರ ಹತ್ತಿರ ಹೋಗಿ ಕಡಿಮೆ ಮಾಡಿಸಿ. ಅಷ್ಟರೊಳಗೆ ವಾಂತಿ, ಭೇದಿ, ವಿಪರೀತ ಸುಸ್ತು ಅಥವಾ ಉಸಿರು ಮೇಲಕ್ಕೆ ಎಳೆಯುವುದು ಕಂಡರೆ ಮೆಟ್‌ಫಾರ್ಮಿನ್ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಹೀಗೇಕೆ ಅಂದರೆ, ಮೆಟ್‌ಫಾರ್ಮಿನ್ ಹೊರಗೆ ಹೋಗುವುದು ಕಿಡ್ನಿಯಿಂದ. ಆ ದಾರಿಗೆ ಡೊಲುಟೆಗ್ರಾವಿರ್ ಅಡ್ಡ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ನುಂಗುವವರ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಮುಕ್ಕಾಲು ಪಾಲು ಜಾಸ್ತಿ ಆಗುತ್ತದೆ. ನೀವು ನುಂಗಿದ್ದು 2000, ದೇಹಕ್ಕೆ ಅದು ಹೆಚ್ಚುಕಡಿಮೆ 3500ರ ಹಾಗೆ ತಟ್ಟುತ್ತದೆ. ಕಿಡ್ನಿಯೂ ಸ್ವಲ್ಪ ಸೋತಿದ್ದರೆ ರಕ್ತದಲ್ಲಿ ಆಮ್ಲ ತುಂಬುವ ಅಪಾಯವಿದೆ. ಇದರಲ್ಲಿ ನಿಮ್ಮ ಊರಿನ ಡಾಕ್ಟರ ತಪ್ಪಿಲ್ಲ. ಸಕ್ಕರೆ ಇಳಿಯದಿದ್ದಾಗ ಯಾವ ಡಾಕ್ಟರಾದರೂ ಅದನ್ನೇ ಮಾಡುತ್ತಾರೆ. ಮೈಸೂರಿನವರ ತಪ್ಪೂ ಇಲ್ಲ, ಅವರಿಗೆ ಮೆಟ್‌ಫಾರ್ಮಿನ್ ಏರಿದ್ದೇ ಗೊತ್ತಿಲ್ಲ.

ನಿಮ್ಮ ಪತ್ರ ಓದಿ ನನಗೆ ಅನಿಸಿದ್ದು ಇದೇ. ವೈರಸ್ ಈಗ ನಿಮಗೆ ದೊಡ್ಡ ಶತ್ರು ಅಲ್ಲ. 15 ವರ್ಷಕ್ಕೂ ಮೇಲೆ ಮಾತ್ರೆ ತಪ್ಪಿಸದೆ ನೀವು ಅದನ್ನು ಕಟ್ಟಿಹಾಕಿದ್ದೀರಿ. ನಿಮಗೆ ತೊಂದರೆ ಬರುವುದಾದರೆ ಈ ಎರಡು ಚೀಟಿಗಳ ನಡುವಿನಿಂದ ಬರುತ್ತದೆ. ಒಂದು ಚೀಟಿ ಮೈಸೂರಿನಲ್ಲಿದೆ, ಇನ್ನೊಂದು ಊರಿನಲ್ಲಿದೆ. ಎರಡನ್ನೂ ಒಟ್ಟಿಗೆ ಓದಿದವರು ಇಲ್ಲಿಯವರೆಗೆ ಯಾರೂ ಇಲ್ಲ.

ಸರ್ಕಾರ ಎಆರ್‌ಟಿಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲ ಸಾಲಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆ ದಿನಗಳಲ್ಲಿ ನಮ್ಮ ಮುಂದೆ ಕೂರುತ್ತಿದ್ದ 35, 40ರ ಜನರನ್ನು ಇನ್ನೊಂದು ಮಳೆಗಾಲ ದಾಟಿಸುವುದೇ ನಮ್ಮ ಚಿಂತೆಯಾಗಿತ್ತು. ಅವರಿಗೆ ಮೊಮ್ಮಕ್ಕಳಾಗುತ್ತವೆ, ಮಂಡಿ ನೋಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ ಅಂತ ಯಾರೂ ಯೋಚಿಸಲಿಲ್ಲ. ಈಗ ಅವರೇ 60 ದಾಟಿ ಬಂದು ಕೂತಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಎಚ್‌ಐವಿ ಲೆಕ್ಕದಲ್ಲಿ 50 ದಾಟಿದವರನ್ನೇ ಹಿರಿಯರು ಅನ್ನುತ್ತೇವೆ. ವೈರಸ್ ಹಿಡಿತದಲ್ಲಿದ್ದರೂ ಒಳಗೊಳಗೆ ಒಂದು ಸಣ್ಣ ಉರಿಯೂತ ಉಳಿದುಕೊಳ್ಳುತ್ತದೆ. ಅದು ರಕ್ತನಾಳ, ಮೂಳೆ, ಕಿಡ್ನಿಗಳನ್ನು ಸ್ವಲ್ಪ ಬೇಗ ಸವೆಸುತ್ತದೆ. ಹಾಗಾಗಿ ಬೇರೆಯವರಿಗೆ 70ರಲ್ಲಿ ಬರುವ ತೊಂದರೆ ಇವರಿಗೆ 60ರಲ್ಲೇ ಬರುವುದುಂಟು.

ಈಗ ನಿಮ್ಮ ಕಿಡ್ನಿ ವಿಷಯ. 1.1ರಿಂದ 1.3 ಅಂದರೆ ಏನು? ಇದಕ್ಕೆ ಎರಡು ಉತ್ತರ ಇವೆ, ಎರಡೂ ನಿಮಗೆ ಗೊತ್ತಿರಬೇಕು.

ಡೊಲುಟೆಗ್ರಾವಿರ್ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ 0.1, 0.2ರಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಅದು ಕಿಡ್ನಿ ಕೆಟ್ಟ ಗುರುತಲ್ಲ. ಕ್ರಿಯಾಟಿನಿನ್ ಹೊರಗೆ ಹೋಗುವ ಒಂದು ಬಾಗಿಲನ್ನು ಔಷಧಿ ಅರ್ಧ ಮುಚ್ಚಿರುತ್ತದೆ, ಅಷ್ಟೇ. ಹೊಸ ಮಾತ್ರೆಗೆ ಬದಲಾದ ಮೇಲೆ ಒಂದು ಸಲ ಏರಿ ನಿಂತಿದ್ದರೆ ಸಮಾಧಾನ ಪಡಬಹುದು. ಆರು ತಿಂಗಳಿಗೊಮ್ಮೆ ಏರುತ್ತಲೇ ಇದ್ದರೆ ಅದು ಬೇರೆ ಕಥೆ.

ಬೇರೆ ಕಥೆ ಯಾವುದೆಂದರೆ ಟೆನೊಫೊವಿರ್. ಇದು ಒಳ್ಳೆಯ ಔಷಧಿ. ಆದರೆ ವಯಸ್ಸಾದವರಲ್ಲಿ, ತೂಕ ಕಡಿಮೆ ಇರುವವರಲ್ಲಿ, ಸಕ್ಕರೆ ಮತ್ತು ಬಿಪಿ ಇರುವವರಲ್ಲಿ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಈ ನಾಲ್ಕೂ ನಿಮಗಿವೆ. ಇಲ್ಲಿ ಕ್ರಿಯಾಟಿನಿನ್ ಅಂಕಿಯನ್ನು ಹಾಗೇ ನೋಡಿದರೆ ಮೋಸ ಹೋಗುತ್ತೇವೆ. ತೋಟದ ಲೆಕ್ಕ ಬರೆದವರು ನೀವು, ಈ ಲೆಕ್ಕ ನಿಮಗೆ ಕಷ್ಟವಲ್ಲ. 140ರಲ್ಲಿ ವಯಸ್ಸು ಕಳೆಯಿರಿ, 73 ಬಂತು. ಅದನ್ನು ತೂಕ 58ರಿಂದ ಗುಣಿಸಿ, 4234. ಈಗ 72ನ್ನು ಕ್ರಿಯಾಟಿನಿನ್ 1.3ರಿಂದ ಗುಣಿಸಿ, 93.6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 45 ಬರುತ್ತದೆ. ಇದು ನಿಮ್ಮ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಶುದ್ಧ ಮಾಡುತ್ತಿದೆ ಎಂಬ ಅಂದಾಜು. ಹೆಂಗಸರಾದರೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಇದೇ ತೂಕ, ಇದೇ 1.3 ಇರುವ 30 ವರ್ಷದ ಹುಡುಗನಿಗೆ ಉತ್ತರ 68 ಬರುತ್ತದೆ. ಲ್ಯಾಬ್ ಚೀಟಿಯಲ್ಲಿ ಇಬ್ಬರದ್ದೂ 1.3. ಒಳಗಿನ ಸ್ಥಿತಿ ಬೇರೆ ಬೇರೆ.

ಈ ಅಂಕಿ 50ಕ್ಕಿಂತ ಕೆಳಗಿಳಿದರೆ ನಿಮ್ಮ ಮಾತ್ರೆಯಲ್ಲಿರುವ ಟೆನೊಫೊವಿರ್ ಮುಂದುವರಿಸಬೇಕಾ ಬೇಡವಾ ಅಂತ ಡಾಕ್ಟರು ಕೂತು ಯೋಚಿಸಬೇಕು. ಡೊಲುಟೆಗ್ರಾವಿರ್‌ನ ಸುಳ್ಳು ಏರಿಕೆಯೂ ಇದರೊಳಗೆ ಸೇರಿರಬಹುದು, ಆದ್ದರಿಂದ ನಿಮ್ಮ ಕಿಡ್ನಿ ನಿಜವಾಗಿ 45ಕ್ಕಿಂತ ಚೆನ್ನಾಗಿರಬಹುದು. ಆದರೂ ಮುಂದಿನ ಸರದಿ ಬರಲಿ ಅಂತ ಕಾಯುವುದು ಬೇಡ, ಈ ತಿಂಗಳೇ ಹೋಗಿ. ಕ್ರಿಯಾಟಿನಿನ್ ಇನ್ನೊಮ್ಮೆ ಮಾಡಿಸಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ. ಟೆನೊಫೊವಿರ್ ಬೇಡ ಅಂತಾದರೆ ಅದರ ಜಾಗಕ್ಕೆ ಅಬಾಕಾವಿರ್ ಇದೆ. ಅದು ಕೆಲವರಿಗೆ ಮಾತ್ರ ಒಗ್ಗುವುದಿಲ್ಲ. ಶುರು ಮಾಡಿದ ಮೊದಲ ಆರು ವಾರಗಳಲ್ಲಿ ಜ್ವರ, ಮೈಮೇಲೆ ಗುಳ್ಳೆ, ವಾಂತಿ ಒಟ್ಟಿಗೆ ಬಂದರೆ ತಕ್ಷಣ ಡಾಕ್ಟರನ್ನು ಕಾಣಬೇಕು. ಅದಕ್ಕೇ ಅಂತ ಒಮ್ಮೆ ನಿಲ್ಲಿಸಿದರೆ ಆಮೇಲೆ ಯಾವತ್ತೂ ಮತ್ತೆ ಮುಟ್ಟಬಾರದು. ಹೃದಯದ ತೊಂದರೆ ಇರುವವರಿಗೂ ಅದನ್ನು ಯೋಚಿಸಿ ಕೊಡುತ್ತಾರೆ. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಟೆನೊಫೊವಿರ್ ಆ ವೈರಸ್ಸನ್ನೂ ತಡೆಯುತ್ತಿರುತ್ತದೆ. ಗೊತ್ತಿಲ್ಲದೆ ತೆಗೆದರೆ ಲಿವರ್ ಕೆರಳುತ್ತದೆ.

ಕಿಡ್ನಿ ತಿನ್ನುತ್ತಿರುವುದು ಎಚ್‌ಐವಿ ಮಾತ್ರೆಯಾ ಅಂತ ಕೇಳಿದ್ದೀರಿ. ನನಗೆ ಅದಕ್ಕಿಂತ ಜಾಸ್ತಿ ಹೆದರಿಕೆ ಆ ಮಂಡಿ ಇಂಜೆಕ್ಷನ್ ಮೇಲೆ. ನೋವಿಗೆ ಸೊಂಟಕ್ಕೆ ಹಾಕುವುದು ಹೆಚ್ಚಾಗಿ ಡೈಕ್ಲೊಫೆನಾಕ್. ಟೆನೊಫೊವಿರ್ ಜೊತೆ ಅದು ಸೇರಿದರೆ ಎರಡೂ ಕೂಡಿ ಕಿಡ್ನಿಗೆ ಹೊಡೆಯುತ್ತವೆ, ಕೆಲವೊಮ್ಮೆ ನಾಲ್ಕೈದು ದಿನದಲ್ಲೇ. ಅಸೆಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಮಾತ್ರೆಗಳೂ ಅದೇ ಜಾತಿ. ಕಾಫಿ ಕುಯ್ಲಿನ ಸಮಯದಲ್ಲಿ ಈ ಮಾತ್ರೆಗಳನ್ನು ಅಂಗಡಿಯಿಂದ ಸುಮ್ನೆ ತಂದು ದಿನಾ ನುಂಗುವವರನ್ನು ನಾನು ನೋಡುತ್ತಲೇ ಇದ್ದೇನೆ. ನಿಮಗೆ ಅವು ಬೇಡವೇ ಬೇಡ. ನೋವಿದ್ದ ದಿನ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಸಾಕು. 6 ಗಂಟೆಗೊಮ್ಮೆ ಒಂದರಂತೆ ತೆಗೆದುಕೊಂಡರೂ ದಿನಕ್ಕೆ 2 ಗ್ರಾಂ ಆಗುತ್ತದೆ, ಅದು ಸುರಕ್ಷಿತ. ಮಂಡಿ ಮೇಲೆ ಹಚ್ಚುವ ಮುಲಾಮು ಪರವಾಗಿಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಎರಡು ತಿಂಗಳು ಬಿಡದೆ ಮಾಡಿದರೆ ಇಂಜೆಕ್ಷನ್ನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಮಂಡಿಯೊಳಗೇ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ನಿಮ್ಮ ಮಾತ್ರೆಯಲ್ಲಿ ರಿಟೊನಾವಿರ್ ಇಲ್ಲ, ಹಾಗಾಗಿ ಇದು ನಿಮಗಲ್ಲ. ಆದರೆ ಮೊದಲ ಔಷಧಿ ಕೆಲಸ ಮಾಡದೆ ಎರಡನೇ ಹಂತದ ಔಷಧಿಯಲ್ಲಿರುವ ಎಷ್ಟೋ ಹಿರಿಯರು ಅಟಜಾನಾವಿರ್, ರಿಟೊನಾವಿರ್ ನುಂಗುತ್ತಿರುತ್ತಾರೆ. ಅಂಥ ಒಬ್ಬ ಹೆಂಗಸು ಮುಖ ದುಂಡಗೆ ಊದಿ, ಸಕ್ಕರೆ ಏರಿ, ಕೈಕಾಲು ಸೋತು ನನ್ನ ಹತ್ತಿರ ಬಂದಿದ್ದರು. ಕಾರಣ ಸಿಗಲು ಮೂರು ವಾರ ಬೇಕಾಯಿತು. ಮಂಡಿಗೆ ಹಾಕಿದ ಟ್ರಯಾಮ್ಸಿನೊಲೋನ್ ಕರಗದ ಹಾಗೆ ರಿಟೊನಾವಿರ್ ಹಿಡಿದಿಟ್ಟಿತ್ತು. ಉಬ್ಬಸಕ್ಕೆ ಸೇದುವ ಪಂಪಿನಲ್ಲಿರುವ ಫ್ಲುಟಿಕಾಸೋನ್, ಬುಡೆಸೊನೈಡ್‌ಗೂ ಇದೇ ತೊಂದರೆ. ಗ್ಯಾಸ್‌ಗೆ ನುಂಗುವ ಪ್ಯಾಂಟೊಪ್ರಜೋಲ್ ಅಟಜಾನಾವಿರ್‌ನ ಕೆಲಸವನ್ನೇ ಕೆಡಿಸುತ್ತದೆ. ಆ ಹೆಂಗಸೂ ಎರಡು ಚೀಟಿಯನ್ನು ಎರಡು ಪೆಟ್ಟಿಗೆಯಲ್ಲಿ ಇಟ್ಟಿದ್ದವರೇ.

ನಿಮ್ಮ ಮಾತ್ರೆಗೆ ಪ್ಯಾಂಟೊಪ್ರಜೋಲ್ ಅಡ್ಡಿ ಇಲ್ಲ. ಆದರೆ ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿ ಇದೆಯಲ್ಲ, ಅದರಲ್ಲಿ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಅದನ್ನು ಕುಡಿಯಲೇಬೇಕಾದರೆ ಎಆರ್‌ಟಿ ಮಾತ್ರೆ ನುಂಗಿ 2 ಗಂಟೆ ಕಳೆದ ಮೇಲೆ ಕುಡಿಯಿರಿ. ಮೊದಲೇ ಕುಡಿದಿದ್ದರೆ 6 ಗಂಟೆ ಬಿಟ್ಟು ಮಾತ್ರೆ ನುಂಗಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೂ ಇದೇ ನಿಯಮ. ಅವನ್ನು ಮಾತ್ರ ಊಟದ ಜೊತೆ ಎಆರ್‌ಟಿ ಮಾತ್ರೆಯೊಂದಿಗೇ ನುಂಗಿದರೂ ನಡೆಯುತ್ತದೆ.

ಪಾದದ ಜೋಮಿಗೆ ಒಂದೇ ಕಾರಣ ಇರಲಿಕ್ಕಿಲ್ಲ. ಎಆರ್‌ಟಿ ಕೇಂದ್ರದವರು ಕೊಟ್ಟ ನಿಮ್ಮ ಹಸಿರು ಪುಸ್ತಕದ ಮೊದಲ ಪುಟಗಳನ್ನು ತೆಗೆದು ನೋಡಿ. 2009ರಲ್ಲಿ ಶುರು ಮಾಡಿದ ಬಹಳ ಜನ ಸ್ಟಾವುಡಿನ್ ನುಂಗಿದ್ದಾರೆ. ಕೆನ್ನೆ ಗುಳಿ ಬೀಳುವುದು, ಕೈಕಾಲು ಸಣ್ಣಗಾಗುವುದು, ಪಾದ ಉರಿಯುವುದು ಅದರ ಗುರುತುಗಳು. ಆ ಔಷಧಿ ಈಗ ಕೊಡುವುದಿಲ್ಲ. ಆದರೆ ಅದು ನರಕ್ಕೆ ಮಾಡಿದ ಗಾಯ ಕೆಲವರಲ್ಲಿ ಉಳಿದುಬಿಟ್ಟಿದೆ. ಅದರ ಮೇಲೆ ಸಕ್ಕರೆ ಕಾಯಿಲೆ ಬಂತು. ಅದರ ಮೇಲೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದರೆ ಬಿ12 ವಿಟಮಿನ್ ಕಡಿಮೆಯಾಗುತ್ತದೆ. ಬಿ12 ಕೊರತೆ ಮಾತ್ರ ಸುಲಭವಾಗಿ ಸರಿಹೋಗುವಂಥದ್ದು, ಅದನ್ನು ಪರೀಕ್ಷೆ ಮಾಡಿಸಿ. ನರದ ನೋವಿಗೆ ಕಾರ್ಬಮಜೆಪಿನ್ ಬರೆದುಕೊಟ್ಟರೆ ಬೇಡ ಅನ್ನಿ, ಅದು ಡೊಲುಟೆಗ್ರಾವಿರ್ ಬಲವನ್ನು ಇಳಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಸಹ ಹಾಗೆಯೇ. ಮುಂದೆ ಯಾವತ್ತಾದರೂ ಟಿಬಿ ಬಂದು ರಿಫಾಂಪಿಸಿನ್ ಶುರು ಮಾಡಿದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಲು ಹಿಂದೆ ಮುಂದೆ ನೋಡಬೇಡಿ.

ಜೋಮಿರುವ ಕಾಲಿಗೆ ಕೊಡಗಿನ ಮಳೆಗಾಲ ಒಳ್ಳೆಯದಲ್ಲ. ಜಿಗಣೆ ಕಚ್ಚಿದ್ದು ತಿಳಿಯುವುದಿಲ್ಲ. ಗಮ್‌ಬೂಟಿನೊಳಗೆ ಕಲ್ಲು ಸೇರಿದ್ದು ತಿಳಿಯುವುದಿಲ್ಲ. ಬೆರಳ ಸಂದಿ ಕೊಳೆತು ಹುಣ್ಣಾದ ಮೇಲೆ ಗೊತ್ತಾಗುತ್ತದೆ. ರಾತ್ರಿ ಮಲಗುವ ಮುಂಚೆ ಪಾದ ಒರೆಸಿ, ಬೆಳಕಿನಲ್ಲಿ ನೋಡಿ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಒಲೆಯ ಹತ್ತಿರ ಕಾಲು ಕಾಯಿಸಿಕೊಳ್ಳುವ ಅಭ್ಯಾಸ ಬಿಡಿ. ಅಂಗಳದ ಪಾಚಿ ಉಜ್ಜಿಸಿ ಮರಳು ಹಾಕಿಸಿ, ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ. ಟೆನೊಫೊವಿರ್ ಮೂಳೆಯನ್ನೂ ಸ್ವಲ್ಪ ತೆಳ್ಳಗೆ ಮಾಡುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಅದರಿಂದ ಏಳುವುದು ಬಹಳ ಕಷ್ಟ.

ಮೂತ್ರ ಪರೀಕ್ಷೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೊಡವರ ಕಕ್ಕಡ ತಿಂಗಳ 18ರ ಹೊತ್ತಿಗೆ, ಆಗಸ್ಟ್ 3ರ ಸುಮಾರಿಗೆ, ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸೊಪ್ಪಿನ ಬಣ್ಣ, ರಕ್ತ ಅಲ್ಲ. ಆ ವಾರ ಪರೀಕ್ಷೆಗೆ ಹೋಗಬೇಡಿ, ಹೋದರೆ ಲ್ಯಾಬಿನವರಿಗೆ ಹೇಳಿ. ಬೇರೆ ದಿನಗಳಲ್ಲಿ ಮೂತ್ರ ಕೆಂಪಾದರೆ ಮಾತ್ರ ಅದನ್ನು ಸೊಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ವರ್ಷಕ್ಕೊಂದು ದಿನದ ಪಾಯಸದ ಬಗ್ಗೆ ನನಗೆ ತಕರಾರಿಲ್ಲ. ಎಚ್‌ಐವಿ ವಾಸಿ ಮಾಡುತ್ತೇವೆ ಅಂತ ಬಾಟಲಿಯಲ್ಲಿ ಮಾರುವ ಕಷಾಯ, ಭಸ್ಮಗಳನ್ನು ಮಾತ್ರ ಮನೆಯೊಳಗೆ ತರಬೇಡಿ.

ಇನ್ನು ಮಾತ್ರೆ ನಿಲ್ಲಿಸಬಹುದಾ ಎಂಬ ಪ್ರಶ್ನೆ. ಕಾಣಿಸುತ್ತಿಲ್ಲ ಅಂದರೆ ಇಲ್ಲ ಅಂತ ಅಲ್ಲ. ವೈರಸ್ ಕೆಲವು ಜೀವಕೋಶಗಳ ಒಳಗೆ ಮಲಗಿರುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎದ್ದು ರಕ್ತಕ್ಕೆ ಬರುತ್ತದೆ. ಮಧ್ಯೆ ಮಧ್ಯೆ ಬಿಡುವು ಕೊಟ್ಟರೆ ದೇಹಕ್ಕೆ ಆರಾಮ ಸಿಗಬಹುದಾ ಅಂತ ಹಿಂದೆ ಡಾಕ್ಟರುಗಳಿಗೂ ಅನಿಸಿತ್ತು. ಅದನ್ನೇ ಪರೀಕ್ಷಿಸಲು 33 ದೇಶಗಳ 5,472 ಜನರ ಮೇಲೆ ಸ್ಮಾರ್ಟ್ ಎಂಬ ಅಧ್ಯಯನ ಮಾಡಿದರು. ಫಲಿತಾಂಶ 2006ರಲ್ಲಿ ಬಂತು. ಬಿಡುವು ಕೊಟ್ಟವರಲ್ಲಿ ಸಾವು ಜಾಸ್ತಿ ಆಯಿತು. ಹೃದಯ, ಕಿಡ್ನಿ, ಲಿವರ್ ತೊಂದರೆಗಳು ಸಹ ಜಾಸ್ತಿ ಆದವು. ಕಿಡ್ನಿ ಉಳಿಸಲು ಅಂತ ಮಾತ್ರೆ ನಿಲ್ಲಿಸಿದರೆ ಕಿಡ್ನಿಗೇ ಪೆಟ್ಟು ಬೀಳುತ್ತದೆ. ಬೇಕಾದರೆ ಮಾತ್ರೆ ಬದಲಾಯಿಸೋಣ, ನಿಲ್ಲಿಸುವುದು ಬೇಡ.

ಹೃದಯದ ಬಗ್ಗೆ ನೀವು ಕೇಳಲಿಲ್ಲ, ಆದರೆ ನಾನು ಹೇಳಲೇಬೇಕು. ಎಚ್‌ಐವಿ ಇರುವವರಿಗೆ ಹೃದಯಾಘಾತದ ಅಪಾಯ ಬೇರೆಯವರಿಗಿಂತ ಒಂದೂವರೆಯಿಂದ ಎರಡು ಪಟ್ಟು. ರಿಪ್ರೀವ್ ಎಂಬ ಅಧ್ಯಯನದಲ್ಲಿ 40ರಿಂದ 75 ವರ್ಷದ 7,769 ಜನ ಇದ್ದರು. ಭಾರತದವರೂ ಇದ್ದರು. ಅರ್ಧ ಜನರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಪಿಟವಾಸ್ಟಾಟಿನ್ 4 ಮಿಲಿಗ್ರಾಂ ದಿನಕ್ಕೊಂದು ಕೊಟ್ಟರು. 2023ರಲ್ಲಿ ಫಲಿತಾಂಶ ಬಂದಾಗ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳು ಅವರಲ್ಲಿ 35 ಪರ್ಸೆಂಟ್ ಕಡಿಮೆ ಇದ್ದವು. ಅವರೆಲ್ಲ ಮೊದಲೇ ಕೊಲೆಸ್ಟ್ರಾಲ್ ಏರಿದವರಲ್ಲ, ಕಡಿಮೆ ಅಥವಾ ನಡುಮಟ್ಟದ ಅಪಾಯ ಇದ್ದವರು. ನಿಮಗೆ 67 ವರ್ಷ, ಸಕ್ಕರೆ ಬೇರೆ ಇದೆ. ಸ್ಟಾಟಿನ್ ಯಾಕೆ ಬರೆದಿಲ್ಲ ಅಂತ ಡಾಕ್ಟರನ್ನು ಕೇಳಿ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಸುಲಭವಾಗಿ ಸಿಗುತ್ತವೆ, ನಿಮ್ಮ ಎಆರ್‌ಟಿ ಜೊತೆ ಜಗಳವಿಲ್ಲ. ಬೀಡಿ ಸೇದುತ್ತಿದ್ದರೆ ಅದನ್ನು ಬಿಡುವುದರಿಂದ ಸಿಗುವ ಲಾಭ ಇದಕ್ಕಿಂತ ಚಿಕ್ಕದಲ್ಲ.

ಮೆಟ್‌ಫಾರ್ಮಿನ್ ಇಳಿಸಿದ ಮೇಲೆ ಸಕ್ಕರೆಗೆ ಏನು? ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್ ತರಹದ ಮಾತ್ರೆ ಸೇರಿಸಬಹುದು. ಒಬ್ಬರೇ ಇರುವವರಿಗೆ ಸಕ್ಕರೆ ತಟ್ಟನೆ ಕುಸಿಯುವ ಔಷಧಿಗಳನ್ನು ನಾನಾದರೆ ಕೊಡುವುದಿಲ್ಲ. ಎಚ್‌ಐವಿ ಇರುವವರಲ್ಲಿ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಿಜಕ್ಕಿಂತ ಕಡಿಮೆ ತೋರಿಸುವುದುಂಟು. ಅದರ ಜೊತೆ ಊಟದ ಮುಂಚೆ, ಊಟದ ನಂತರದ ಸಕ್ಕರೆಯನ್ನೂ ನೋಡಿಸಿ. ಊಟ, ಕಡಂಬಿಟ್ಟು, ಅಕ್ಕಿ ರೊಟ್ಟಿಯ ಲೆಕ್ಕ ಎಲ್ಲ ಸಕ್ಕರೆ ಕಾಯಿಲೆಯವರಿಗೂ ಇರುವುದೇ, ಇಲ್ಲಿ ಬೇರೆ ಹೇಳುವುದಿಲ್ಲ.

ಈಗ ಕಷ್ಟದ ವಿಷಯಕ್ಕೆ ಬರೋಣ, ಅಂದರೆ ಹೇಳುವುದು. ಕೊಡಗು ಚಿಕ್ಕದು. ಮನೆ ಹೆಸರು ಹೇಳಿದರೆ ಸಾಕು, ಮೂರು ತಲೆಮಾರು ಗೊತ್ತಾಗುತ್ತದೆ. ಮೆಡಿಕಲ್ ಶಾಪಿನವನು ಯಾರದ್ದೋ ಭಾವ, ಲ್ಯಾಬಿನ ಹುಡುಗಿ ಯಾರದ್ದೋ ಸೊಸೆ. ನಿಮ್ಮ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದಕ್ಕೇ ಒಂದು ದಾರಿ ಹೇಳುತ್ತೇನೆ. ಊರಿನ ಡಾಕ್ಟರಿಗೆ ಹೇಳಲು ಮನಸ್ಸಾಗದಿದ್ದರೆ ಚೀಟಿಯನ್ನು ಆ ಕಡೆಯಿಂದ ಈ ಕಡೆಗೆ ತನ್ನಿ. ಎಆರ್‌ಟಿ ಕೇಂದ್ರಕ್ಕೆ ಹೋಗುವಾಗ ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಒಂದು ಚೀಲಕ್ಕೆ ಹಾಕಿ. ಸಕ್ಕರೆಯದ್ದು, ಬಿಪಿಯದ್ದು, ಗ್ಯಾಸಿನದ್ದು, ನಾಟಿ ಔಷಧಿ, ಕಣ್ಣಿನ ಡ್ರಾಪ್ಸ್, ಊರಿನ ಡಾಕ್ಟರ ಚೀಟಿ ಎಲ್ಲವೂ ಇರಲಿ. ಅಲ್ಲಿನ ಮೇಜಿನ ಮೇಲೆ ಸುರಿಯಿರಿ. ಅವರಿಗೆ ನಿಮ್ಮ ವಿಷಯ ಮೊದಲೇ ಗೊತ್ತು, ಹೊಸದಾಗಿ ನಾಚಿಕೊಳ್ಳುವುದು ಏನೂ ಇಲ್ಲ. ಯಾವುದು ಯಾವುದಕ್ಕೆ ಆಗುವುದಿಲ್ಲ ಅಂತ ಅವರು ಒಂದು ಕಾಗದದಲ್ಲಿ ಬರೆದುಕೊಡಲಿ. ಈ ವಾರದ ಮೆಟ್‌ಫಾರ್ಮಿನ್ ವಿಷಯಕ್ಕೆ ಮಾತ್ರ ಅಷ್ಟು ದಿನ ಕಾಯಬೇಡಿ. ಕಿಡ್ನಿ ಅಂದಾಜು 45 ಬಂದಿದೆ, ದಿನಕ್ಕೆ 1000ಕ್ಕಿಂತ ಜಾಸ್ತಿ ಬೇಡ ಅಂತ ಹೇಳಿದ್ದಾರೆ ಅನ್ನಿ. ಅದು ನಿಜವೇ, ಮತ್ತು ಡೋಸ್ ಇಳಿಸಲು ಅಷ್ಟೇ ಸಾಕು.

ಆದರೂ ಊರಿನ ಡಾಕ್ಟರಿಗೆ ಹೇಳಿದರೆ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ನಡುರಾತ್ರಿ ಎದೆನೋವು ಬಂದರೆ ನಿಮ್ಮನ್ನು ಮೊದಲು ನೋಡುವವರು ಅವರು. ಕಾನೂನು ನಿಮ್ಮ ಕಡೆಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟರು, ನರ್ಸು, ಲ್ಯಾಬಿನವರು ಯಾರೂ ನಿಮ್ಮ ವಿಷಯ ಹೊರಗೆ ಹೇಳುವ ಹಾಗಿಲ್ಲ. ಎಚ್‌ಐವಿ ಇದೆ ಅಂತ ಕಣ್ಣಿನ ಪೊರೆ ಆಪರೇಷನ್ ಮಾಡುವುದಿಲ್ಲ, ಬೇರೆ ಕಡೆ ಹೋಗಿ ಅನ್ನುವ ಹಾಗೂ ಇಲ್ಲ. ಡಾಕ್ಟರು ಒಬ್ಬರೇ ಇರುವ ಸಮಯ ನೋಡಿ, ಡಬ್ಬಿ ಮುಂದಿಟ್ಟು, ಇದು ನಾನು ಬಹಳ ವರ್ಷದಿಂದ ನುಂಗುವ ಮಾತ್ರೆ, ಇದು ನಮ್ಮಿಬ್ಬರಲ್ಲೇ ಇರಲಿ ಅನ್ನಿ. ಅಷ್ಟು ಸಾಕು.

ಮೈಸೂರಿಗೆ ಹೋಗುವುದರ ಬಗ್ಗೆಯೂ ಯೋಚಿಸಿ. 50ರಲ್ಲಿ ಆ ಬಸ್ ಪ್ರಯಾಣ ಕಷ್ಟವಾಗಲಿಲ್ಲ, 75ರಲ್ಲಿ ಆಗುತ್ತದೆ. ಮಡಿಕೇರಿಯ ಎಆರ್‌ಟಿ ಕೇಂದ್ರ ನಿಮಗೆ ಎಷ್ಟೋ ಹತ್ತಿರ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಂದಮೇಲೆ ಸಕ್ಕರೆ, ಕಣ್ಣು, ಮೂಳೆಗೆ ಅಂತ ದಿನಾ ನೂರಾರು ಜನ ಬರುತ್ತಾರೆ. ಯಾರಾದರೂ ಕೇಳಿದರೆ ಸಕ್ಕರೆಗೆ ಬಂದೆ ಅಂದರೆ ಅದೂ ಸತ್ಯವೇ. ಟ್ರಾನ್ಸ್‌ಫರ್ ಕೇಳಿದರೆ ಮೈಸೂರಿನವರು ದಾಖಲೆ ಮಾಡಿಕೊಡುತ್ತಾರೆ. ಎಲ್ಲೇ ಇರಿ, ಮೇ ತಿಂಗಳಲ್ಲಿ ಹೋದಾಗ ಮಳೆಗಾಲಕ್ಕೆ ಮೂರು ತಿಂಗಳ ಮಾತ್ರೆ ಕೇಳಿ. ವೈರಲ್ ಲೋಡ್ ಹಿಡಿತದಲ್ಲಿರುವವರಿಗೆ ಒಟ್ಟಿಗೆ ಕೊಡುವ ಪದ್ಧತಿ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕಡಿದುಹೋದಾಗ ಕೈಯಲ್ಲಿ ಐದೇ ಮಾತ್ರೆ ಉಳಿದಿದ್ದವರ ಫೋನು ನನಗೆ ಇನ್ನೂ ನೆನಪಿದೆ. ಮನೆ ಬಿಟ್ಟು ಓಡುವ ಸಂದರ್ಭ ಬಂದರೆ ಹಸಿರು ಪುಸ್ತಕ ಜೊತೆಗಿರಲಿ, ಬೇರೆ ಕೇಂದ್ರದಲ್ಲೂ ಅದನ್ನು ನೋಡಿ ಸಹಾಯ ಮಾಡುತ್ತಾರೆ. ಮಳೆಗೆ ಮುಂಚೆ ಫ್ಲೂ ಲಸಿಕೆಯನ್ನೂ ಹಾಕಿಸಿ, ನ್ಯುಮೋನಿಯಾ ಲಸಿಕೆ ಬಗ್ಗೆ ಕೇಳಿ. ಏನಾದರೂ ಗೊಂದಲವಾದರೆ 1097ಕ್ಕೆ ಕರೆ ಮಾಡಿ, ಅದು ಎಚ್‌ಐವಿಗಾಗಿಯೇ ಇರುವ ಉಚಿತ ಸಹಾಯವಾಣಿ. ರಾತ್ರಿ ನಿದ್ದೆ ಬಾರದೆ ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416 ಇದೆ. ಯಾರಿಗೂ ಹೇಳಲಾಗದ ವಿಷಯ ಇಟ್ಟುಕೊಂಡು ಒಬ್ಬರೇ ಇರುವವರಿಗೆ ಮನಸ್ಸು ಕುಗ್ಗುವುದು ಸಹಜ, ಅದಕ್ಕೂ ಚಿಕಿತ್ಸೆ ಇದೆ.

ಇದನ್ನು ಓದುತ್ತಿರುವ ಹೆಂಗಸರಿಗೆ ಒಂದೇ ಮಾತು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಅಪಾಯ ಸುಮಾರು ಆರು ಪಟ್ಟು. ಮುಟ್ಟು ನಿಂತು ಹತ್ತು ವರ್ಷ ಆಯಿತಲ್ಲ ಅಂತ ಬಿಡಬೇಡಿ, ಪರೀಕ್ಷೆ ಮಾಡಿಸಿಕೊಳ್ಳಿ.

ಕೊನೆಗೆ ನಿಮ್ಮ ಮಗ ಮತ್ತು ಮೊಮ್ಮಗಳು. ಮಗನಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಆದರೆ ಒಬ್ಬರಿಗಾದರೂ ಗೊತ್ತಿರಲಿ. ನಾಳೆ ನಿಮಗೆ ಮರೆವು ಬಂದರೆ, ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದರೆ, ಆ ಮಾತ್ರೆ ತಪ್ಪದ ಹಾಗೆ ನೋಡುವವರು ಬೇಕು. ಮಗನ ಎದುರು ಬಾಯಿ ಬರದಿದ್ದರೆ ಎಆರ್‌ಟಿ ಕೇಂದ್ರದ ಕೌನ್ಸಿಲರ್ ಮುಂದೆ ಕರೆದುಕೊಂಡು ಹೋಗಿ, ಅವರೇ ಮಾತು ಶುರು ಮಾಡುತ್ತಾರೆ. ಅಪ್ಪ ಯಾಕೆ ಬೆಂಗಳೂರಿಗೆ ಬರುತ್ತಿಲ್ಲ, ತನ್ನದೇ ಏನೋ ತಪ್ಪಿರಬೇಕು ಅಂತ ಆ ಹುಡುಗ ಎಷ್ಟು ವರ್ಷದಿಂದ ಅಂದುಕೊಂಡಿದ್ದಾನೋ. ಬೆಂಗಳೂರಿಗೆ ಹೋಗುವುದಾದರೆ ಅಲ್ಲಿ ಎಆರ್‌ಟಿ ಕೇಂದ್ರಗಳು ಹಲವಾರಿವೆ, ಬೌರಿಂಗ್ ಆಸ್ಪತ್ರೆಯಲ್ಲೂ ಇದೆ. ಅಲ್ಲಿಗೂ ಟ್ರಾನ್ಸ್‌ಫರ್ ಆಗುತ್ತದೆ.

ಮೊಮ್ಮಗಳು ನಿಮ್ಮ ತಟ್ಟೆಯಲ್ಲಿ ಊಟ ಮಾಡಲಿ, ಕೆನ್ನೆಗೆ ಮುತ್ತು ಕೊಡಲಿ, ನಿಮ್ಮ ಕಂಬಳಿಯೊಳಗೇ ಮಲಗಲಿ. ಇವುಗಳಿಂದ ಎಚ್‌ಐವಿ ಯಾವತ್ತೂ ಹರಡಿಲ್ಲ, ವೈರಸ್ ಕಾಣಿಸುತ್ತಿದ್ದ ದಿನಗಳಲ್ಲೂ ಹರಡುತ್ತಿರಲಿಲ್ಲ. ಮುಂದಿನ ಸಲ ಅವಳು ದಿಂಬು ಹಿಡಿದುಕೊಂಡು ಬಂದಾಗ ಸ್ವಲ್ಪ ಸರಿದು ಜಾಗ ಕೊಡಿ.